ಕಲೆಯೂ ಕೂಲಿಯೂ

ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ನಾಟ್ಯಾಚಾರ್ಯರಿಬ್ಬರ ಜಗಳವೊಂದು ಬರುವುದು. ಗಣದಾಸ, ಹರದತ್ತ ಎಂಬ ಇವರಿಬ್ಬರೂ ಅರಮನೆಯ ಸಂಬಳವನ್ನು ಉಣ್ಣತಕ್ಕವರು. ತಮ್ಮಲ್ಲಿ ಯಾರು ಹೆಚ್ಚೆಂಬ ವಿವಾದವು ಹುಟ್ಟಿದಾಗ, ಈ ಸ್ಪರ್ಧೆಯೇ ಬೇಡವೆಂದು ರಾಣಿ ಧಾರಿಣಿಯು ತಡೆಯಹೋಗುತ್ತಾಳೆ. ಆಗ ಗಣದಾಸನು ಕೆರಳಿ, ವಾದಕ್ಕೆ ಅಂಜಿ ಪರರ ನಿಂದೆಯನ್ನು ನುಂಗಿಕೊಂಡು ಕೇವಲ ಜೀವನೋಪಾಯಕ್ಕೆಂದು ವಿದ್ಯೆಯನ್ನು ಇಟ್ಟುಕೊಂಡವನನ್ನು ಲೋಕವು ಜ್ಞಾನವನ್ನು ಸರಕು ಮಾಡಿದ ವರ್ತಕನೆನ್ನುವುದು ಎಂದು ಹೇಳುತ್ತಾನೆ. ಪಾಠಶಾಲೆಗಳಲ್ಲಿ ಈ ಮಾತಿಗೆ ಬಹಳ ಮನ್ನಣೆ. ಆದರೆ ಅದೇ ಪ್ರಸಂಗದಲ್ಲಿ ವಿದೂಷಕನು, ಇವರಿಗೆ ಸುಮ್ಮನೆ ಸಂಬಳ ಕೊಡುವುದೇತಕ್ಕೆ, ಟಗರುಗಳ ಕಾಳಗವನ್ನಾದರೂ ನೋಡೋಣವೆಂದು ನಕ್ಕುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ವಿದ್ಯಾವಿಕ್ರಯವನ್ನು ಹಳಿದವನೇ ತಿಂಗಳ ವೇತನಕ್ಕೆ ಕೈಯೊಡ್ಡುವವನು. ಕವಿಯು ಇವೆರಡನ್ನೂ ಒಂದೇ ರಂಗದ ಮೇಲೆ ನಿಲ್ಲಿಸಿ ಸುಮ್ಮನಾಗಿದ್ದಾನೆ.

ಶಾಸ್ತ್ರಕಾರರ ಅಭಿಪ್ರಾಯವನ್ನು ಕೇಳಹೋದರೆ ಅಲ್ಲಿಯೂ ಒಮ್ಮತವಿಲ್ಲ. ಮನುಸ್ಮೃತಿಯು ಭೃತಕಾಧ್ಯಾಪಕನನ್ನು, ಎಂದರೆ ಕೂಲಿಗೆ ಪಾಠ ಹೇಳುವವನನ್ನು, ಶ್ರಾದ್ಧದ ಪಂಕ್ತಿಗೆ ಕರೆಯಬಾರದವರ ಸಾಲಿನಲ್ಲಿ ಸೇರಿಸಿರುವುದು. (ಈ ನಿಯಮವನ್ನು ಅಕ್ಷರಶಃ ಪಾಲಿಸಹೊರಟರೆ ಇಂದು ಎಷ್ಟು ಊರುಗಳಲ್ಲಿ ಎಲೆಗಳು ಖಾಲಿ ಬೀಳುವುವೋ!) ಅತ್ತ ಮಮ್ಮಟನು ಕಾವ್ಯಪ್ರಕಾಶದಲ್ಲಿ ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಕೀರ್ತಿಯ ಬೆನ್ನಿಗೇ ಧನವನ್ನು ಹೇಳಿ, ಹರ್ಷನಿಂದ ಧಾವಕನು ಪಡೆದ ದ್ರವ್ಯವನ್ನು ಯಾವ ಸಂಕೋಚವೂ ಇಲ್ಲದೆ ನಿದರ್ಶನವಾಗಿ ಕೊಟ್ಟಿದ್ದಾನೆ. ಹೀಗಿರುವಲ್ಲಿ, ಹಣಕ್ಕಾಗಿ ಮಾಡಿದ ಕಲೆಯು ಕೀಳೋ, ಅಥವಾ ಹಣದ ಮಾತನ್ನು ಎತ್ತದೆ ಇರುವವನ ಕಲೆಯೇ ಮೇಲೋ ಎಂಬ ಪ್ರಶ್ನೆಯು ಇತ್ಯರ್ಥವಾಗದೆಯೇ ಉಳಿದಿದೆ.

ಈ ಪ್ರಶ್ನೆಯು ಪುರುಷರ ವಿಷಯದಲ್ಲಿ ಒಂದು ಬಗೆಯಾದರೆ ಸ್ತ್ರೀಯರ ವಿಷಯದಲ್ಲಿ ಮತ್ತೊಂದು ಬಗೆ. ಏತಕ್ಕೆಂದರೆ, ಗಂಡಸು ತನ್ನ ಕಲೆಯಿಂದ ಗಳಿಸಿದರೆ ಆ ಗಳಿಕೆಯು ಅವನದೇ. ಹೆಂಗಸು ಶಿಲ್ಪದಿಂದ ಗಳಿಸಿದುದೂ, ಪರರು ಪ್ರೀತಿಯಿಂದ ಅವಳಿಗೆ ಕೊಟ್ಟುದೂ ಗಂಡನ ಸ್ವಾಮ್ಯಕ್ಕೆ ಸೇರತಕ್ಕವೆಂದು ಕಾತ್ಯಾಯನನು ವಿಧಿಸಿ, ಉಳಿದುದನ್ನು ಮಾತ್ರ ಸ್ತ್ರೀಧನವೆಂದನು. ಸ್ವಂತ ಕೌಶಲದಿಂದಲೂ ಶ್ರಮದಿಂದಲೂ ಪಡೆದ ಸ್ವತ್ತಿಗೆ ಹಿಂದೂ ಸ್ತ್ರೀಯೇ ಪೂರ್ಣ ಒಡತಿಯೆಂದು ಈ ದೇಶದ ಶಾಸನವು ನಿಸ್ಸಂದಿಗ್ಧವಾಗಿ ಹೇಳಿದುದು ೧೯೫೬ರಲ್ಲಿ. ಪಾಶ್ಚಾತ್ಯರು ಈ ಬಗ್ಗೆ ಬಹಳ ಮುಂದಿದ್ದರೆಂದು ತಿಳಿಯಬೇಕಾದುದಿಲ್ಲ. ಆಂಗ್ಲರ ರೂಢಿಯ ಧರ್ಮದಲ್ಲಿಯೂ ಹೆಂಡತಿಯ ದುಡಿಮೆಯು ಗಂಡನದೇ ಆಗಿದ್ದಿತು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ೧೮೬೦ರ ಶಾಸನವು ಬಂದ ಮೇಲೆ ಮಾತ್ರ ಅಲ್ಲಿನ ವಿವಾಹಿತ ಸ್ತ್ರೀಯು ತಾನು ದುಡಿದುದನ್ನು ತನ್ನದೆನ್ನಬಹುದಾಯಿತು. ಆ ನ್ಯೂಯಾರ್ಕ್ ನಗರದಲ್ಲಿಯೇ, ಆ ಶಾಸನವಾದ ನಾಲ್ಕು ದಶಕಗಳೊಳಗೆ, ಕಲೆ ಮತ್ತು ಕೂಲಿಯ ಈ ಹಳೆಯ ವ್ಯಾಜ್ಯವು ಒಬ್ಬ ಸ್ತ್ರೀಯ ಬಾಳಿನಲ್ಲಿ ಮೂರ್ತಿವೆತ್ತು ನಿಂತಿತು. ಚಿತ್ರಲೇಖನವನ್ನು ಕಲಿತು ಛಾಯಾಚಿತ್ರಗಾರ್ತಿಯಾದ ಗರ್ಟ್ರೂಡ್ ಕೇಸೆಬಿಯರ್ ಎಂಬಾಕೆಯ ಚರಿತ್ರೆಯು ಆ ಕಾರಣದಿಂದ ವಿಚಾರಯೋಗ್ಯವಾದುದು.

ಈಕೆಯು ಹುಟ್ಟಿದುದು ೧೮೫೨ನೆಯ ಮೇ ೧೮ರಂದು, ಅಯೋವಾ ಪ್ರಾಂತದಲ್ಲಿ. ತಂದೆಯ ಮನೆತನದ ಹೆಸರು ಸ್ಟಾಂಟನ್. ತಂದೆಯು ಚಿನ್ನದ ಗಣಿಗಳ ಹುಯಿಲೆದ್ದ ಕಾಲದಲ್ಲಿ ಕೊಲರಾಡೋ ಪ್ರಾಂತಕ್ಕೆ ಹೋಗಿ ಮರಕೊಯ್ಯುವ ಕಾರ್ಖಾನೆಯನ್ನಿಟ್ಟು ೧೮೬೪ರಲ್ಲಿ ತೀರಿಕೊಂಡನು. ವಿಧವೆಯಾದ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಬ್ರೂಕ್ಲಿನ್ ಪಟ್ಟಣಕ್ಕೆ ಬಂದು, ಹಣ ಕೊಟ್ಟು ಇರತಕ್ಕವರಿಗೆ ಊಟ ವಸತಿಗಳನ್ನು ಒದಗಿಸಿ ಸಂಸಾರವನ್ನು ಸಾಗಿಸಿದಳು. ಹೆಂಗಸಿನ ದುಡಿಮೆಯಿಂದ ಮನೆಯ ಒಲೆಯು ಉರಿಯುವುದನ್ನು ಹುಡುಗಿಯು ಚಿಕ್ಕಂದಿನಲ್ಲಿಯೇ ಕಂಡಳು. ಆ ಮನೆಯಲ್ಲಿ ವಸತಿಗಿದ್ದ ಎಡ್ವರ್ಡ್ ಕೇಸೆಬಿಯರ್ ಎಂಬ ಜರ್ಮನ್ ವರ್ತಕನನ್ನು ತನ್ನ ಇಪ್ಪತ್ತೆರಡನೆಯ ಹುಟ್ಟುಹಬ್ಬದ ದಿವಸವೇ, ೧೮೭೪ರಲ್ಲಿ, ವಿವಾಹವಾದಳು. ಆತನ ವ್ಯಾಪಾರವು ಅರಗಿನದು. ಆ ಕಾಲದಲ್ಲಿ ಪ್ರಪಂಚಕ್ಕೆಲ್ಲ ಅರಗು ಹೋಗುತ್ತಿದ್ದುದು ಬಹುಮಟ್ಟಿಗೆ ಭರತಖಂಡದ ಕಾಡುಗಳಿಂದಲೇ. ಮೂರು ಮಕ್ಕಳಾದುವು, ಕೈಯಲ್ಲಿ ಅನುಕೂಲವಿದ್ದಿತು, ಮನಸ್ಸುಗಳು ಮಾತ್ರ ಕೂಡಲಿಲ್ಲ. ಮಹಾಭಾರತವನ್ನು ಬಲ್ಲವರಿಗೆ ಅರಗಿನ ಮನೆಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ವಿವಾಹವಿಚ್ಛೇದವು ಅಲ್ಲಿಯೂ ಅಂದು ಅಪಕೀರ್ತಿಯ ಮಾತಾಗಿದ್ದಿತು. ದಂಪತಿಗಳು ದಂಪತಿಗಳಾಗಿಯೇ ಉಳಿದರು. ಆದರೆ ನ್ಯಾಯವಾಗಿ ಹೇಳಬೇಕಾದರೆ, ಹೆಂಡತಿಯ ವಿದ್ಯಾಭ್ಯಾಸದ ವೆಚ್ಚವನ್ನು ಆ ಗಂಡನೇ ವಹಿಸಿದನು. ೧೮೮೯ರಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಈಕೆಯು ಬ್ರೂಕ್ಲಿನ್ನಿನ ಪ್ರ್ಯಾಟ್ ವಿದ್ಯಾಸಂಸ್ಥೆಯನ್ನು ಸೇರಿ ರೇಖಾಲೇಖನವನ್ನೂ ವರ್ಣಚಿತ್ರವನ್ನೂ ಕಲಿಯತೊಡಗಿದಳು. ಆ ಸಂಸ್ಥೆಯು ಆಗ ಎರಡು ವರ್ಷದ ಕೂಸು. ಹೆಂಗಸರಿಗೂ ಅಲ್ಲಿ ಬಾಗಿಲು ತೆರೆದಿದ್ದಿತು. ಬೆಳೆದ ಮಕ್ಕಳ ತಾಯಿಯೊಬ್ಬಳು ತರುಣಿಯರ ಸಾಲಿನಲ್ಲಿ ಕುಳಿತು ಇದ್ದಲಿನ ಕಡ್ಡಿಯನ್ನು ಹಿಡಿದ ದೃಶ್ಯವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು.

ಛಾಯಾಚಿತ್ರವು ಆಕೆಗೆ ಮೊದಲು ಕೇವಲ ಬಿಡುವಿನ ವಿನೋದವಾಗಿದ್ದಿತು. ೧೮೯೪ರಲ್ಲಿ ಹೆಣ್ಣುಮಕ್ಕಳನ್ನು ಜರ್ಮನಿಯಲ್ಲಿ ಗಂಡನ ಬಂಧುಗಳ ಬಳಿ ಬಿಟ್ಟು, ಅಲ್ಲಿ ಕೆಲವು ವಾರ ಛಾಯಾಚಿತ್ರದ ರಸಾಯನವನ್ನು ಕಲಿತು, ಮುಂದೆ ಫ್ರಾನ್ಸಿಗೆ ಹೋಗಿ ವರ್ಣಚಿತ್ರವನ್ನು ಅಭ್ಯಾಸಮಾಡಿದಳು. ಮಳೆಯಿಂದಾಗಿ ಹೊಲಗಳಲ್ಲಿ ಕುಳಿತು ಚಿತ್ರ ಬರೆಯಲಾಗದ ಒಂದು ದಿನ, ಮನೆಯ ಒಳಗಿನ ಮಬ್ಬು ಬೆಳಕಿನಲ್ಲಿಯೇ ಬಹಳ ಹೊತ್ತು ಕ್ಯಾಮರಾವನ್ನು ತೆರೆದಿಟ್ಟು ಒಂದು ಭಾವಚಿತ್ರವನ್ನು ತೆಗೆದಳಂತೆ. ಬಂದ ಫಲವನ್ನು ಕಂಡ ಗಳಿಗೆಯಿಂದಲೇ ತನ್ನ ವೃತ್ತಿಯು ತನಗೆ ಗೊತ್ತಾಯಿತೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಕತ್ತಲೆಯ ಕೋಣೆಯ ಅನುಕೂಲವಿಲ್ಲ. ಬೇಸಗೆಯಲ್ಲಿ ಆ ದೇಶದ ಸಂಜೆಬೆಳಕು ರಾತ್ರಿ ಹತ್ತು ಗಂಟೆಯವರೆಗೂ ಆರದು. ಅಷ್ಟು ಹೊತ್ತೂ ಕಾದು, ಆಮೇಲೆ ಗಾಜಿನ ಫಲಕಗಳನ್ನು ಸಂಸ್ಕರಿಸಿ, ತೊಯ್ದ ಫಲಕಗಳನ್ನು ತೊಳೆಯಲು ಕತ್ತಲೆಯಲ್ಲಿ ಹೊಳೆಗೆ ಕೊಂಡೊಯ್ಯುವಳು. ಮಲಗುವಾಗ ಎರಡು ಗಂಟೆಯಾದುದೂ ಉಂಟು. ಇದನ್ನು ಯಾರೂ ಹಣ ಕೊಟ್ಟು ಮಾಡಿಸಿದುದಲ್ಲ. ಮುಂದೆ ಹಣಕ್ಕೆ ಮಾರಿಕೊಂಡವಳೆಂಬ ದೂಷಣೆಗೆ ಗುರಿಯಾದವಳ ಆರಂಭವು ಇಂತಹುದು.

ಮರುವರ್ಷ ಮನೆಗೆ ಬಂದಾಗ ಗಂಡನಿಗೆ ಕಾಯಿಲೆ, ಸಂಸಾರಕ್ಕೆ ಕೈಬಿಗಿ. ದುಡಿಯುವ ಸಂಕಲ್ಪವು ದೃಢವಾಯಿತು. ಆಕೆಯು ಬ್ರೂಕ್ಲಿನ್ನಿನ ಒಬ್ಬ ಸಾಮಾನ್ಯ ಭಾವಚಿತ್ರಕಾರನ ಅಂಗಡಿಯಲ್ಲಿ ಸಹಾಯಕಳಾಗಿ ನಿಂತು, ಗಿರಾಕಿಗಳನ್ನು ಕೂರಿಸುವುದು, ಪ್ರತಿಗಳನ್ನು ತೆಗೆಯುವುದು, ಲೆಕ್ಕ ಇಡುವುದು ಇವೆಲ್ಲವನ್ನೂ ಕಲಿತಳು. ನಲವತ್ತು ದಾಟಿದ, ಚಿತ್ರಶಾಲೆಯ ಶಿಕ್ಷಣವನ್ನು ಪಡೆದ ಗೃಹಿಣಿಗೆ ಇದು ಅಂತಸ್ತನ್ನು ಬಿಟ್ಟು ಇಳಿದ ಕೆಲಸವೆಂದು ಹಲವರಿಗೆ ತೋರಿರಬಹುದು. ೧೮೯೭-೯೮ರ ಸುಮಾರಿಗೆ ನ್ಯೂಯಾರ್ಕಿನ ಐದನೆಯ ಅವೆನ್ಯೂವಿನಲ್ಲಿ ತನ್ನದೇ ಸ್ಟುಡಿಯೋವನ್ನು ತೆರೆದಳು. ಆ ಕಾಲದ ಅಂಗಡಿಗಳಲ್ಲಿ ಬಣ್ಣ ಬಳಿದ ಪರದೆ, ಹುಸಿ ಕಂಬ, ಕಾಗದದ ಹೂವು ಇವುಗಳ ನಡುವೆ ಜನರನ್ನು ಬೊಂಬೆಗಳಂತೆ ನಿಲ್ಲಿಸುತ್ತಿದ್ದರು. ಆಕೆಯು ಅವೆಲ್ಲವನ್ನೂ ಹೊರಗೆ ಹಾಕಿಸಿ, ಬರಿಯ ಗೋಡೆಯ ಮುಂದೆ ಬೆಳಕನ್ನು ಮಾತ್ರ ಉಳಿಸಿಕೊಂಡಳು. ಬಂದವರೊಡನೆ ಮಾತಾಡುತ್ತ ಅವರ ಬಿಗುಪು ಇಳಿದ ಮೇಲೆ ಚಿತ್ರವನ್ನು ತೆಗೆಯುವಳು. ಪ್ರತಿಯನ್ನು ತೆಗೆಯುವುದರಲ್ಲಿಯೂ ಚಿತ್ರಗಾರ್ತಿಯ ಕೈಯೇ ಕಾಣುವುದು. ಗೋಂದಿನಲ್ಲಿ ಬಣ್ಣವನ್ನೂ ಬೈಕ್ರೋಮೇಟ್ ಎಂಬ ಲವಣವನ್ನೂ ಕಲಸಿ ಕಾಗದಕ್ಕೆ ಹಚ್ಚಿದರೆ, ಬೆಳಕು ಬಿದ್ದ ಕಡೆ ಅದು ಗಟ್ಟಿಯಾಗಿ ನಿಲ್ಲುವುದು. ಬೀಳದ ಕಡೆ ನೀರಿನಲ್ಲಿ ಕರಗಿಹೋಗುವುದು. ಕರಗುವ ಹೊತ್ತಿನಲ್ಲಿ ಕುಂಚದಿಂದ ಒಂದೆಡೆ ತೊಳೆದು, ಒಂದೆಡೆ ಉಳಿಸಿ, ಯಂತ್ರವು ಕೊಟ್ಟುದನ್ನು ತನ್ನ ಅಭಿಪ್ರಾಯಕ್ಕೆ ತಿರುಗಿಸಬಹುದು. ಪ್ಲ್ಯಾಟಿನಂ ಕಾಗದವನ್ನೂ ಆಕೆ ಬಹಳವಾಗಿ ಬಳಸಿದಳು.

ಇಷ್ಟಾಗುವಷ್ಟರಲ್ಲಿಯೇ ಆಕೆಯ ಚಿತ್ರಗಳ ಪ್ರದರ್ಶನಗಳು ಬಾಸ್ಟನ್, ಬ್ರೂಕ್ಲಿನ್, ಫಿಲಡೆಲ್ಫಿಯಾ ಪಟ್ಟಣಗಳಲ್ಲಿ ನಡೆದಿದ್ದುವು. ಫಿಲಡೆಲ್ಫಿಯಾದ ಛಾಯಾಚಿತ್ರ ಸಂಘದಲ್ಲಿ ಉಪನ್ಯಾಸ ಮಾಡಿದಾಗ, ಕಲಾಭಿರುಚಿಯುಳ್ಳ ಹೆಂಗಸರು ಇನ್ನೂ ಸರಿಯಾಗಿ ಉತ್ತಿಲ್ಲದ ಈ ಹೊಲಕ್ಕೆ ಸಿದ್ಧರಾಗಿ ಬರಬೇಕೆಂದು ಆಕೆಯು ಆಗ್ರಹದಿಂದ ಹೇಳಿದಳು. ಬರಿಯ ವಿನೋದಕ್ಕಲ್ಲ, ವೃತ್ತಿಗೆ. ಇಲ್ಲಿಯೇ ಈಕೆಯ ಸ್ತ್ರೀಪಕ್ಷಪಾತದ ತಿರುಳಿರುವುದು. ಭದ್ರಮನೆತನದ ಹೆಣ್ಣುಮಗಳು ವೀಣೆ ಬಾರಿಸಬಹುದು, ಬಟ್ಟೆಯ ಮೇಲೆ ಹೂ ತೆಗೆಯಬಹುದು, ಬಣ್ಣದ ಚಿತ್ರ ಬರೆಯಬಹುದು. ಎಲ್ಲವೂ ಅಲಂಕಾರವೆಂಬಷ್ಟಕ್ಕೆ ಒಪ್ಪಿತವೇ. ಬೆಲೆ ಕಟ್ಟಿದ ಕೂಡಲೆ ಹಿರಿಯರ ಹುಬ್ಬು ಮೇಲೇರುವುದು. ಈ ನಡತೆಯು ನ್ಯೂಯಾರ್ಕಿಗೂ ಇಲ್ಲಿನ ಅಗ್ರಹಾರಗಳಿಗೂ ಸಮಾನವಾದುದು. ಹೆಣ್ಣಿನ ಕಲೆಗೆ ಬೆಲೆಯಿಲ್ಲವೆನ್ನುವುದನ್ನು ಗೌರವದ ಮಾತಿನಂತೆ ಹೇಳುವ ಉಪಾಯವಿದು.

ಈಗ ಪ್ರತಿಪಕ್ಷದವನನ್ನು ಪರಿಚಯಮಾಡಿಕೊಡಬೇಕು. ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬಾತನು ಅಮೆರಿಕದಲ್ಲಿ ಛಾಯಾಚಿತ್ರಕ್ಕೆ ಲಲಿತಕಲೆಯ ಪದವಿಯನ್ನು ದೊರಕಿಸಲು ಹೆಣಗಿದ ಮಹಾಶಯ. ಕೇಸೆಬಿಯರಳ ಯೋಗ್ಯತೆಯನ್ನು ಮೊದಲು ಸಾರಿದವರಲ್ಲಿ ಆತನೂ ಒಬ್ಬನು. ೧೮೯೯ರಲ್ಲಿ ತನ್ನ ಪತ್ರಿಕೆಯಲ್ಲಿ ಆಕೆಯ ಐದು ಚಿತ್ರಗಳನ್ನು ಅಚ್ಚುಹಾಕಿಸಿ, ಕಲಾತ್ಮಕ ಭಾವಚಿತ್ರದಲ್ಲಿ ಆಕೆಯನ್ನು ಮೀರಿಸುವವರಿಲ್ಲವೆಂದು ಹೊಗಳಿದನು. ೧೯೦೨ರಲ್ಲಿ ಆತನು ಕಟ್ಟಿದ ಫೋಟೋ-ಸಿಸೆಷನ್ ಎಂಬ ಕೂಟದ ಆದಿಸದಸ್ಯರಲ್ಲಿ ಆಕೆಯೂ ಸೇರಿದಳು. ೧೯೦೩ರ ಜನವರಿಯಲ್ಲಿ ಹೊರಟ ಕ್ಯಾಮರಾ ವರ್ಕ್ ಎಂಬ ಪತ್ರಿಕೆಯ ಮೊದಲ ಸಂಚಿಕೆಯು ಆಕೆಯ ಚಿತ್ರಗಳಿಗೇ ಮೀಸಲಾಯಿತು.

ಆ ಸಂಚಿಕೆಯ ಚಿತ್ರಗಳಲ್ಲಿ ಒಂದನ್ನು ಇಲ್ಲಿ ಕೊಂಚ ನಿಂತು ನೋಡಬೇಕು. ೧೮೯೯ರಲ್ಲಿ ತೆಗೆದ ಅದರ ಹೆಸರು, ಕ್ರೈಸ್ತರ ಪ್ರಾರ್ಥನೆಯಿಂದ ಬಂದುದು: ಸ್ತ್ರೀಯರಲ್ಲಿ ನೀನು ಧನ್ಯಳು ಎಂಬರ್ಥದ್ದು. ಬಾಗಿಲ ಚೌಕಟ್ಟಿನಲ್ಲಿ ಬಿಳಿಯ ಇಳಿಬಿದ್ದ ಉಡುಪಿನ ತಾಯಿ. ಪಕ್ಕದಲ್ಲಿ ಕಪ್ಪು ಉಡುಪಿನ ಹುಡುಗಿ. ಹಿಂದೆ ಗೋಡೆಯ ಮೇಲೆ ದೇವದೂತನು ಮೇರಿಗೆ ಶುಭವಾರ್ತೆಯನ್ನು ತಿಳಿಸುವ ಪಟ. ತಾಯಿಯು ಮಗಳ ಕಡೆ ಬಾಗಿ ತೋಳಿನಿಂದ ಅವಳನ್ನು ಬಳಸಿದ್ದಾಳೆ. ಮಗಳು ನೆಟ್ಟಗೆ ಎದುರು ನೋಡುತ್ತಿದ್ದಾಳೆ. ಹೊಸಲನ್ನು ದಾಟಬೇಕಾದ ಹುಡುಗಿಯನ್ನು ತಾಯಿಯು ಕಳುಹಿಸುತ್ತಿರುವಳೋ ತಡೆಯುತ್ತಿರುವಳೋ ಹೇಳಲಾಗದು. ಬರಹಗಾರ್ತಿಯಾದ ಆಗ್ನೆಸ್ ಲೀ ಮತ್ತು ಅವಳ ಮಗಳು ಪೆಗ್ಗಿ ಈ ಚಿತ್ರದಲ್ಲಿರುವವರು. ಕೆಲವೇ ವರ್ಷಗಳಲ್ಲಿ ಆ ಮಗಳು ತೀರಿಕೊಂಡಳು. ೧೯೦೪ರ ಸುಮಾರಿಗೆ ಕೇಸೆಬಿಯರ್ ಅದೇ ತಾಯಿಯನ್ನು ಮತ್ತೊಮ್ಮೆ ಚಿತ್ರಿಸಿದಳು: ಬಯಲಿನಲ್ಲಿ ಒಂಟಿಯಾಗಿ ಕುಳಿತ ಹೆಂಗಸು, ಬಿಗಿಹಿಡಿದ ಕೈಗಳು, ಮೇಲಕ್ಕೆತ್ತಿದ ಮುಖ. ಮಾತೃತ್ವದ ದಾಯ ಎಂದು ಅದಕ್ಕೆ ಹೆಸರಿಟ್ಟಳು. ತಾಯ್ತನವನ್ನು ಹಾಡಿ ಹೊಗಳಿದವರು ಬಹು ಮಂದಿ. ಅದರ ಪಿತ್ರಾರ್ಜಿತದಲ್ಲಿ ದುಃಖವೂ ಒಂದು ಪಾಲೆಂದು ಇಷ್ಟು ನಿರಾಡಂಬರವಾಗಿ ತೋರಿಸಿದವರು ವಿರಳ. ಇಂತಹ ಚಿತ್ರಗಳ ಪೈಕಿ ಗೋದಲಿಯ ಹೆಸರಿನ ಒಂದು, ೧೮೯೯ರಲ್ಲಿ ನೂರು ಡಾಲರುಗಳಿಗೆ ಮಾರಾಟವಾಯಿತು. ಆಗಿನ ಕಾಲಕ್ಕೆ ಛಾಯಾಚಿತ್ರವೊಂದಕ್ಕೆ ಇದು ಬಹಳ ದೊಡ್ಡ ಬೆಲೆ. ಬೆಲೆ ಬಂದಿತೆಂದು ಚಿತ್ರದ ಗುಣವೇನಾದರೂ ಕುಂದಿತೆ?

ಸ್ಟೀಗ್ಲಿಟ್ಸನ ಮತವು ಇದಕ್ಕೆ ವಿರುದ್ಧವಾಗುತ್ತ ಬಂದಿತು. ಕಲೆಯು ಪ್ರೇಮಕ್ಕಾಗಿಯೇ ಹೊರತು ದ್ರವ್ಯಕ್ಕಾಗಿ ಅಲ್ಲವೆಂಬುದು ಆತನ ಸಿದ್ಧಾಂತ. ೧೯೦೬ರಲ್ಲಿ ಆಕೆಯು ನ್ಯೂಯಾರ್ಕಿನ ವೃತ್ತಿಪರ ಛಾಯಾಚಿತ್ರಕಾರರ ಸಂಘವನ್ನು ಸೇರಿದುದು ಆತನಿಗೆ ಸಹಿಸಲಿಲ್ಲ. ಆಕೆಯನ್ನು ಎತ್ತಿ ಮೆರೆಸಿದ ಪತ್ರಿಕೆಯಲ್ಲಿಯೇ ಆಕೆಯನ್ನು ಪರಿಹಾಸಮಾಡುವ ಬರೆಹವು ಬಂದಿತು. ೧೯೧೨ರಲ್ಲಿ ಆಕೆಯು ಕೂಟಕ್ಕೆ ರಾಜೀನಾಮೆ ಕೊಟ್ಟಳು.

ಈ ಸ್ಥಳದಲ್ಲಿ ಒಂದು ಸಂಗತಿಯನ್ನು ಮರೆಮಾಡಿದರೆ ವಿಚಾರಕ್ಕೆ ನ್ಯಾಯವಾಗದು. ಸ್ಟೀಗ್ಲಿಟ್ಸನು ಶ್ರೀಮಂತನ ಮಗ. ೧೮೯೩ರಲ್ಲಿ ಆತನು ಕೈಹಿಡಿದುದು ಮದ್ಯದ ಕಾರ್ಖಾನೆಯ ಒಡೆತನದ ಮನೆತನದ ಕನ್ಯೆಯನ್ನು. ದ್ರವ್ಯಕ್ಕಾಗಿ ಕಲೆಯಲ್ಲವೆಂದು ಬೋಧಿಸುವಾತನ ಊಟವು ಬಹುಪಾಲು ಹೆಂಡತಿಯ ಸ್ವತ್ತಿನಿಂದ ಸಾಗುತ್ತಿದ್ದಿತು. ರೋಗಿಷ್ಠ ಗಂಡನನ್ನೂ ಮನೆಯನ್ನೂ ಹೊತ್ತು ದುಡಿಯುವ ಹೆಂಗಸಿಗೆ ಆತನು ನಿಸ್ಸ್ಪೃಹತೆಯನ್ನು ಬೋಧಿಸಿದನು! ಅನ್ನದ ಚಿಂತೆಯನ್ನು ಬೇರೊಬ್ಬರ ತಲೆಯ ಮೇಲಿಟ್ಟು ಅರ್ಥವನ್ನು ಅನರ್ಥವೆನ್ನುವುದು ಸುಲಭ. ಹಾಗೆಂದು ಆತನನ್ನು ಡಾಂಭಿಕನೆಂದು ತಳ್ಳಿಬಿಡುವುದೂ ಸರಿಯಲ್ಲ. ತನ್ನ ಪತ್ರಿಕೆಗೆ ಆತನು ನಷ್ಟದಮೇಲೆ ನಷ್ಟವನ್ನು ಸುರಿದನು. ೧೯೧೭ರಲ್ಲಿ ಅದು ನಿಲ್ಲುವಾಗ ಚಂದಾದಾರರ ಸಂಖ್ಯೆಯು ನಲವತ್ತಕ್ಕೂ ಕೆಳಗೆ ಇಳಿದಿದ್ದಿತು. ಹಣವು ಕಲೆಯನ್ನು ಕೆಡಿಸುವುದನ್ನು ಆತನು ಕಣ್ಣಾರೆ ಕಂಡಿದ್ದನು. ಗಿರಾಕಿಯ ಮೂಗನ್ನು ಚೂಪುಮಾಡಿ ಸುಕ್ಕುಗಳನ್ನು ಅಳಿಸಿ ಕಾಸು ಎಣಿಸುವ ಅಂಗಡಿಗಳು ಬೀದಿಬೀದಿಗೂ ಇದ್ದುವು. ಆತನ ಭಯಕ್ಕೆ ಕಾರಣವಿದ್ದಿತು. ಅದನ್ನು ತಗುಲಿಸಿದ ವ್ಯಕ್ತಿ ಮಾತ್ರ ತಪ್ಪು.

ಗಣದಾಸನ ಮಾತಿನಲ್ಲಿ ‘ಕೇವಲ’ ಎಂಬ ಒಂದು ಪದವಿರುವುದು. ಟೀಕೆ ಹೇಳುವವರು ಬಹುಶಃ ಅವಸರದಲ್ಲಿ ಅದನ್ನು ದಾಟಿಬಿಡುವರು. ಜೀವಿಕೆಗೆಂದು ವಿದ್ಯೆಯನ್ನು ಇಟ್ಟುಕೊಂಡವನು ವರ್ತಕನೆಂದು ಆತನು ಹೇಳಲಿಲ್ಲ. ಕೇವಲ ಜೀವಿಕೆಗೆಂದು ಇಟ್ಟುಕೊಂಡು, ನಿಂದೆ ಬಂದಾಗ ವಿದ್ಯೆಯ ಪರವಾಗಿ ನಿಲ್ಲದವನನ್ನು ಹಾಗೆಂದನು. ಸಂಬಳ ತೆಗೆದುಕೊಳ್ಳುವ ಆಚಾರ್ಯನು ತನ್ನ ವಿದ್ಯೆಗಾಗಿ ಪಂದ್ಯಕ್ಕೆ ಇಳಿದುದು ಅಲ್ಲಿನ ಕಥೆ. ಈ ಅಳತೆಗೋಲಿನಿಂದ ನೋಡಿದರೆ, ಪರದೆಗಳನ್ನು ಕಿತ್ತುಹಾಕಿ ಗಿರಾಕಿಗಳಿಗೆ ಅವರು ಕೇಳದೆ ಇದ್ದ ಸತ್ಯವನ್ನು ಕೊಟ್ಟು, ಅದಕ್ಕೆ ಬೆಲೆಯನ್ನೂ ಕೇಳಿದವಳನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬುದು ಸ್ಪಷ್ಟ.

ಆದರೂ ಈಕೆಯನ್ನು ನಿರ್ದೋಷಿಯೆಂದು ಹೇಳಿ ಮುಗಿಸಲಾಗುವುದಿಲ್ಲ. ಮತ್ತು ದೋಷವಿದ್ದುದು ಹಣವಿದ್ದ ಕಡೆಯಲ್ಲ ಎಂಬುದೇ ಸೋಜಿಗ. ೧೮೯೮ರಲ್ಲಿ ಬಫೆಲೋ ಬಿಲ್ ಎಂಬಾತನ ಪ್ರದರ್ಶನದ ಮಂಡಲಿಯು ಆಕೆಯ ಸ್ಟುಡಿಯೋದ ಮುಂದೆ ಮೆರವಣಿಗೆ ಹೋಯಿತು. ಅದರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಸೂ ಜನರು ಕುದುರೆಗಳ ಮೇಲಿದ್ದರು. ಕೊಲರಾಡೋದಲ್ಲಿ ಕಳೆದ ಬಾಲ್ಯದಿಂದ ಆ ಜನರ ಮೇಲೆ ವಿಶ್ವಾಸವಿದ್ದ ಆಕೆಯು ಅನುಮತಿಯನ್ನು ಬೇಡಿ ಅವರನ್ನು ಸ್ಟುಡಿಯೋಗೆ ಕರೆಯಿಸಿದಳು. ಇದು ವ್ಯಾಪಾರವಲ್ಲ, ಕಲಾಪ್ರೇಮವೇ. ಐರನ್ ಟೇಲ್ ಎಂಬ ಮುಖಂಡನು ಗರಿಗಳ ಕಿರೀಟದೊಡನೆ ಬಂದಾಗ, ಆಡಂಬರವಿಲ್ಲದ ನಿಜವಾದ ಮನುಷ್ಯನು ಬೇಕೆಂದು ಆಕೆಯು ಅವೆಲ್ಲವನ್ನೂ ತೆಗೆಯಿಸಿದಳು. ಕೆಲವು ದಿನಗಳ ಮೇಲೆ ಚಿತ್ರವನ್ನು ಕೈಗೆ ಕೊಟ್ಟಾಗ ಆತನು ಅದನ್ನು ಹರಿದುಹಾಕಿದನು. ಆಮೇಲೆ ಗರಿಗಳ ಕಿರೀಟದೊಡನೆ ಮತ್ತೊಂದು ಚಿತ್ರವನ್ನು ತೆಗೆಯಬೇಕಾಯಿತು; ಅದು ಆತನಿಗೆ ಮೆಚ್ಚಾಯಿತು. ತನ್ನ ನಿಜಸ್ವರೂಪ ಯಾವುದೆಂಬುದನ್ನು ತಾನೇ ಹೇಳುವ ಅಧಿಕಾರವು ಆತನಿಗೆ ಇದ್ದಿತೋ, ಆಕೆಗೋ? ಹಣ ಕೊಟ್ಟು ಕುಳಿತ ಐದನೆಯ ಅವೆನ್ಯೂವಿನ ಗೃಹಿಣಿಯು ಚಿತ್ರವು ಒಪ್ಪಿಗೆಯಿಲ್ಲವೆಂದು ಒಂದು ಮಾತು ಹೇಳಿದರೆ ಸಾಕು. ಹಣ ಕೊಡದೆ ಕುಳಿತವನಿಗೆ ಕಾಗದವನ್ನು ಹರಿಯುವುದೊಂದೇ ದಾರಿ. ನಿಸ್ಸ್ಪೃಹವಾದ ಕಲೆಯೂ ಎದುರಿಗಿರುವವನ ಮೇಲೆ ದಬ್ಬಾಳಿಕೆ ಮಾಡಬಲ್ಲುದೆಂಬುದನ್ನು ಸ್ಟೀಗ್ಲಿಟ್ಸನ ಸಿದ್ಧಾಂತವು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಆತನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಕಂಬಳಿ ಹೊದ್ದ ಒಬ್ಬ ಮೂಲನಿವಾಸಿಯ ಚಿತ್ರವು, ಹೆಸರಿಲ್ಲದೆ, ಕೆಂಪು ಮನುಷ್ಯನೆಂಬ ಶೀರ್ಷಿಕೆಯಿಂದ ಅಚ್ಚಾಯಿತು. ೧೮೯೮ರಲ್ಲಿ ಆಕೆಯು ಸೂ ಜನಾಂಗದ ಲೇಖಕಿ ಜಿತ್ಕಾಲಾ-ಶಾ ಎಂಬಾಕೆಯನ್ನು ಕೈಯಲ್ಲಿ ಪಿಟೀಲಿನೊಡನೆಯೂ ಪುಸ್ತಕದೊಡನೆಯೂ ಚಿತ್ರಿಸಿದುದನ್ನು ಇದಕ್ಕೆ ಸರಿದೂಗಿಸುವವರುಂಟು. ಸರಿದೂಗುವುದೋ ಇಲ್ಲವೋ, ಎರಡೂ ಒಂದೇ ಕೈಯ ಕೆಲಸ.

ಗಂಡನು ೧೯೦೯ರಲ್ಲಿ ತೀರಿಕೊಂಡನು. ೧೯೧೫ರ ಸುಮಾರಿನ ಆಕೆಯ ಒಂದು ಚಿತ್ರದಲ್ಲಿ ಒಂದೇ ನೊಗಕ್ಕೆ ಕಟ್ಟಿದ, ಬಾಯಿಗೆ ಕುಕ್ಕೆ ಹಾಕಿದ ಎರಡು ಎತ್ತುಗಳಿವೆ; ಬಳಿಯಲ್ಲಿ ಇಬ್ಬರು ಮಕ್ಕಳು. ನೊಗ ಮತ್ತು ಕುಕ್ಕೆ, ವಿವಾಹ ಎಂದು ಅದಕ್ಕೆ ಹೆಸರು. ಗಂಡಹೆಂಡಿರನ್ನು ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳೆಂದು ಹರಸುವುದು ಒಕ್ಕಲುಮಕ್ಕಳ ನಾಡಿಗೆ ಹೊಸದಲ್ಲ. ಕುಕ್ಕೆಯ ಮಾತನ್ನು ಹರಸುವವರು ಎತ್ತುವುದಿಲ್ಲ. ಚಿತ್ರದಲ್ಲಿ ಕುಕ್ಕೆಯು ಎರಡು ಬಾಯಿಗಳಿಗೂ ಇರುವುದೆಂಬುದನ್ನು ಗಮನಿಸಬೇಕು. ವ್ಯಂಗ್ಯವಿದ್ದರೂ ಆಕೆಯು ಗಂಡಸಿನ ಕುಕ್ಕೆಯನ್ನು ಬಿಚ್ಚಿ ತೋರಿಸಲಿಲ್ಲ.

ಉತ್ತರಕಾಲದಲ್ಲಿ ಆಕೆಯು ೧೯೧೬ರಲ್ಲಿ ಕ್ಲಾರೆನ್ಸ್ ವೈಟ್ ಎಂಬ ಮಿತ್ರನೊಡನೆ ಸೇರಿ ಮತ್ತೊಂದು ಕಲಾಸಂಘವನ್ನು ಸ್ಥಾಪಿಸಿದಳು. ಲಾರಾ ಗಿಲ್ಪಿನ್ ಮೊದಲಾದ ಎಳೆಯ ಹೆಂಗಸರು ಆಕೆಯ ಬುದ್ಧಿವಾದವನ್ನು ಕೇಳಿ ಇದೇ ವೃತ್ತಿಗೆ ಬಂದರು. ಮಗಳು ಹರ್ಮೀನ್ ೧೯೨೪ರಲ್ಲಿ ತಾಯಿಯ ಸ್ಟುಡಿಯೋವಿನ ಕೆಲಸಕ್ಕೆ ಜೊತೆಯಾದಳು. ೧೯೨೯ರಲ್ಲಿ ಸ್ಟುಡಿಯೋ ಮುಚ್ಚಿತು. ಅದೇ ವರ್ಷ ಬ್ರೂಕ್ಲಿನ್ನಿನಲ್ಲಿ ಆಕೆಯ ಚಿತ್ರಗಳದೇ ಪ್ರದರ್ಶನವೊಂದು ನಡೆಯಿತು. ಆಕೆಯು ಕಾಲವಾದುದು ೧೯೩೪ರ ಅಕ್ಟೋಬರಿನಲ್ಲಿ.

ಅದಕ್ಕೆ ಹಿಂದಿನ ವರ್ಷ ಸ್ಟೀಗ್ಲಿಟ್ಸನು, ತಾನು ಹಲವು ವರ್ಷಗಳಿಂದ ಕೂಡಿಸಿಟ್ಟಿದ್ದ ಪರರ ಛಾಯಾಚಿತ್ರಗಳ ಭಂಡಾರವನ್ನು ಇಟ್ಟುಕೊಳ್ಳಲಾರದೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟನು. ಕೇಸೆಬಿಯರಳ ಚಿತ್ರಗಳನ್ನು ಆತನು ಅದರಿಂದ ತೆಗೆದುಹಾಕಿರಲಿಲ್ಲ. ಬಾಗಿಲಿನಲ್ಲಿ ನಿಂತ ಆ ತಾಯಿಮಗಳ ಪ್ರತಿಯೊಂದು ಅದರಲ್ಲಿಯೇ ಇರುವುದು.